ಧಾಟಿಯ ಋಣ

ಮಿರಜದಿಂದ ಬೆಳಗಾವಿಗೆ ಹೊರಟ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ಒಂದೊಂದೇ ನಿಲ್ದಾಣ ದಾಟುತ್ತ ಸಾಗುತ್ತದೆ. ಹಳಿಯ ಆ ತುದಿಯಲ್ಲಿ, ಮಿರಜದ ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಗೋರಿಯಿದೆ. ಈಚೆ ಚಿಂಚಲಿಯಲ್ಲಿ ಮಾಯಕ್ಕನ ಗುಡಿ. ಭಾರತ ಹುಣ್ಣಿಮೆಯ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಂದ ಚಕ್ಕಡಿ ಹೂಡಿಕೊಂಡು ಬರುವ ಜನ, ಮುಗಿಲಿಗೆ ಹಾರುವ ಭಂಡಾರ, ಎದೆಗೂಡಿಗೆ ಬಡಿಯುವ ಡೊಳ್ಳು. ಒಂದೇ ಹಳಿಗೆ ಪೋಣಿಸಿಕೊಂಡಿರುವ ಈ ಎರಡನ್ನು ನಾವು ಬೇರೆ ಬೇರೆ ಗೂಡಿನಲ್ಲಿಟ್ಟಿದ್ದೇವೆ. ಒಂದು ಶಾಸ್ತ್ರೀಯ, ಇನ್ನೊಂದು ಜಾನಪದ. ಅವುಗಳ ಅಕಾಡೆಮಿ ಬೇರೆ, ವೇದಿಕೆ ಬೇರೆ, ಕೇಳುವಾಗ ನಾವು ಕೂತುಕೊಳ್ಳುವ ರೀತಿಯೂ ಬೇರೆ. ಹೀಗಿರುವಾಗ ಶಾಸ್ತ್ರೀಯ ಗಾಯಕರ ಧ್ವನಿಮುದ್ರಿಕೆಯೊಂದರಲ್ಲಿ ಹಳ್ಳಿಯ ಧಾಟಿಯೋ ಜಾಝಿನ ಛಾಯೆಯೋ ಸುಳಿದರೆ ಎರಡು ಬಗೆಯ ಪ್ರತಿಕ್ರಿಯೆ ಸಿದ್ಧವಾಗಿರುತ್ತದೆ: ಕೆಲವರು ಕೆಟ್ಟಿತು ಎನ್ನುತ್ತಾರೆ, ಕೆಲವರು ಬೆರೆತದ್ದೇ ದೊಡ್ಡದು ಎಂದು ಚಪ್ಪಾಳೆ ತಟ್ಟುತ್ತಾರೆ. ಎರಡೂ ಕೇಳುವ ಮೊದಲೇ ಕೊಟ್ಟ ತೀರ್ಪು. ನಾವು ಕೇಳಬೇಕಾದ ಪ್ರಶ್ನೆ ಬೇರೆಯದು. ಧಾಟಿ ಒಂದು ಸಾಲವಿದ್ದಂತೆ. ಸಾಲ ತಂದವರು ಅದರಿಂದ ಬದಲಾದರೇ, ಇಲ್ಲವೇ ತಂದದ್ದನ್ನು ಮೈಮೇಲೆ ಹೊದ್ದುಕೊಂಡರಷ್ಟೆಯೇ? ಇದನ್ನು ಕಿವಿಯಿಂದಲೇ ಪತ್ತೆ ಹಚ್ಚಬಹುದು. ಪತ್ತೆ ಹಚ್ಚುವ ಆ ಕೆಲಸದಲ್ಲೇ ಇಂಥ ಮುದ್ರಿಕೆಗಳನ್ನು ಕೇಳುವ ನಿಜವಾದ ಸುಖವಿದೆ ಎಂಬುದು ಈ ಲೇಖನದ ವಾದ.

ಮೊದಲು ನೆಲದ ಸಾಕ್ಷ್ಯ ನೋಡೋಣ. ಪ್ರಾಚೀನ ಸಂಗೀತಶಾಸ್ತ್ರಕಾರ ಮತಂಗನ ಗ್ರಂಥದ ಹೆಸರೇ ‘ಬೃಹದ್ದೇಶಿ’. ಹೆಂಗಸರು, ಮಕ್ಕಳು, ದನ ಕಾಯುವವರು, ಅರಸರು ತಂತಮ್ಮ ನಾಡಿನಲ್ಲಿ ಮನಸಾರೆ ಹಾಡುವುದೇ ದೇಶಿ ಎಂಬುದು ಅವನ ವಿವರಣೆಯ ತಿರುಳು. ಗುರ್ಜರಿ, ಜೌನಪುರಿ, ಸೋರಠ, ಪಹಾಡಿ ಎಂಬ ರಾಗಗಳು ನಾಡು, ಊರು, ಗುಡ್ಡಗಳ ಹೆಸರನ್ನು ಇಂದಿಗೂ ಹೊತ್ತು ತಿರುಗುತ್ತಿವೆ. ನಮ್ಮ ಗಡಿಸೀಮೆಯಲ್ಲಂತೂ ಈ ಕೊಡುಕೊಳ್ಳುವಿಕೆಗೆ ತಾರೀಖುಗಳೇ ಇವೆ. ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ 1843ರಲ್ಲಿ ‘ಸೀತಾ ಸ್ವಯಂವರ’ ಆಡಿದ್ದು ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ಕಂಡ ಸಾಂಗಲಿಯ ಅರಸರು ಹೇಳಿ ಮಾಡಿಸಿದ್ದರಿಂದ. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಕನ್ನಡ ಹಾಡುಗಳ ಧಾಟಿಗಳು ಮರಾಠಿ ರಂಗಗೀತೆಗೆ ದಾಟಿದ್ದು ಹೀಗೆ. ಆ ರಂಗಗೀತೆಯನ್ನು ಮುಂದೆ ಖ್ಯಾಲಿನ ಉಸ್ತಾದರು ಹಾಡಿ ತಟ್ಟೆಯ ಮೇಲೆ ಮುದ್ರಿಸಿದರು, ಆ ತಟ್ಟೆ ನಿಪ್ಪಾಣಿ, ಅಥಣಿಗಳ ಮನೆಗಳಿಗೆ ಗ್ರಾಮೋಫೋನಿನ ಹಾಡಾಗಿ ಮರಳಿ ಬಂತು. ಎದುರು ದಿಕ್ಕಿನ ಸಂಚಾರವೂ ಇತ್ತು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ದ ಆಟದ ಹಾಡಿಕೆಯಲ್ಲಿ ಹಿಂದೂಸ್ತಾನಿ ರಾಗಗಳ ಛಾಯೆ ಎದ್ದು ಕಾಣುತ್ತದೆ, ಕೌಜಲಗಿ ನಿಂಗಮ್ಮನಂಥವರ ಹೆಸರು ಊರೂರಿಗೆ ಮುಟ್ಟಿದ್ದು ಆ ಹಾಡಿಕೆಯಿಂದಲೇ. ಹಾಗಾಗಿ ಮಡಿಯುಟ್ಟ ಶಾಸ್ತ್ರೀಯ ಒಂದು ಕಡೆ, ಯಾರೂ ಮುಟ್ಟದ ಜನಪದ ಇನ್ನೊಂದು ಕಡೆ ಎಂಬ ಚಿತ್ರ ಈ ನಾಡಿಗೆ ಹೊಂದುವುದಿಲ್ಲ.

ಈ ಸಂಚಾರ ಕಿವಿಗೆ ಹೇಗೆ ಕೇಳುತ್ತದೆ ಎಂಬುದಕ್ಕೆ ಅಬ್ದುಲ್ ಕರೀಂ ಖಾನರ (1872–1937) ಮುದ್ರಿಕೆಗಳಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಉತ್ತರದ ಕಿರಾಣಾದಿಂದ ಬಂದು ಮಿರಜದಲ್ಲಿ ನೆಲೆ ನಿಂತ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಓಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಒಂದೊಂದು ಬದಿಗೆ ಮೂರು ನಿಮಿಷ ಚಿಲ್ಲರೆಯವು. ಅವುಗಳಲ್ಲಿ ಖ್ಯಾಲುಗಳಿವೆ, ‘ಮಾನಾಪಮಾನ’ ನಾಟಕದ ಹಾಡಿದೆ, ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯಿದೆ, ಝಿಂಝೋಟಿ ರಾಗದ ಪ್ರಸಿದ್ಧ ಠುಮರಿಯಿದೆ. ಝಿಂಝೋಟಿಯನ್ನು ಪಂಡಿತರು ‘ಕ್ಷುದ್ರ’ ರಾಗಗಳ ಸಾಲಿನಲ್ಲಿ ಕೂರಿಸುತ್ತಾರೆ, ಅಂದರೆ ಜನರ ಧಾಟಿಯಿಂದ ಎದ್ದು ಬಂದದ್ದು, ಭಾರೀ ವಿಸ್ತಾರಕ್ಕೆ ಒಗ್ಗದ್ದು ಎಂದು. ಖಾನರು ಅದನ್ನು ಹಗುರ ಹಾಡಾಗಿ ತೇಲಿಸಿಬಿಡಬಹುದಿತ್ತು, ಹಾಗೆ ಮಾಡಲಿಲ್ಲ. ಒಂದೊಂದು ಸ್ವರದ ಬಾಗಿಲಲ್ಲಿ ನಿಂತು, ಒಳಗೆ ಹೋಗಲೋ ಬೇಡವೋ ಎಂಬಂತೆ ಕೆಳಗಿನಿಂದ ಮೆಲ್ಲಗೆ ಏರಿ, ಮುಟ್ಟಿದ ಮೇಲೆ ಅಲ್ಲಿಯೇ ನಿಲ್ಲುತ್ತಾರೆ. ಖ್ಯಾಲಿನ ಆಲಾಪದಲ್ಲಿ ತೋರುವ ತಾಳ್ಮೆಯನ್ನು ಪುಟ್ಟ ಧಾಟಿಗೂ ಕೊಟ್ಟಿದ್ದಾರೆ. ಅದೇ ಹೊತ್ತಿಗೆ ಧಾಟಿಯೂ ಅವರಿಗೆ ಒಂದು ಲಗಾಮು ಹಾಕಿದೆ: ತಾನಿನ ಮಳೆ ಇಲ್ಲ, ಲೆಕ್ಕಾಚಾರದ ಪ್ರದರ್ಶನ ಇಲ್ಲ, ಒಂದೇ ಮಾತನ್ನು ಮರುಕದಿಂದ ಮತ್ತೆ ಮತ್ತೆ ಕರೆಯುವ ಹೆಣ್ಣು ಹಾಡಿನ ನಡೆಯನ್ನು ಕೊನೆಯವರೆಗೂ ಬಿಟ್ಟಿಲ್ಲ. ರಾಗ ಧಾಟಿಗೆ ಗೌರವ ಕೊಟ್ಟಿದೆ, ಧಾಟಿ ಗಾಯಕನ ಗರ್ವ ಇಳಿಸಿದೆ. ಋಣ ಸಂದಾಯವಾಗುವುದು ಎಂದರೆ ಇದು.

ಆದರೆ ಇತಿಹಾಸದಲ್ಲಿ ಬೆರೆತಿತ್ತು ಎಂಬುದರಿಂದ ಇಂದಿನ ಪ್ರತಿಯೊಂದು ಬೆರಕೆಯೂ ಒಳ್ಳೆಯದೆಂದು ಸಾಬೀತಾಗುವುದಿಲ್ಲ. ಅಜ್ಜಿ ಹತ್ತು ಬಗೆಯ ಕಾಳು ಬೆರೆಸಿ ಉಸುಳಿ ಮಾಡುತ್ತಿದ್ದಳೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಬೇಯಿಸಿದರೆ ಅದು ಉಸುಳಿಯಾಗದು. ಒಂದು ಅಳತೆಗೋಲು ಬೇಕು. ಅದನ್ನು ಕೊಡಬಲ್ಲವರಲ್ಲಿ ಹಂಗೇರಿಯ ಸಂಗೀತಕಾರ ಬೇಲಾ ಬಾರ್ಟೋಕ್ ಮುಖ್ಯ. 1906ರ ಸುಮಾರಿಗೆ ಆತ ಗೆಳೆಯ ಕೊಡಾಯ್ ಜೊತೆ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿ ರೈತರ ಹಾಡು ಮುದ್ರಿಸಿಕೊಳ್ಳಲು ಹೊರಟ. ಆ ಅನುಭವದ ಬಲದಿಂದ 1931ರಲ್ಲಿ, ಹಳ್ಳಿಯ ಸಂಗೀತ ಪಂಡಿತ ಸಂಗೀತಕ್ಕೆ ಮೂರು ಬಗೆಯಲ್ಲಿ ಬರುತ್ತದೆ ಎಂದು ವಿಂಗಡಿಸಿದ. ಧಾಟಿಯನ್ನು ಇದ್ದಂತೆಯೇ ಎತ್ತಿಕೊಂಡು ಪಕ್ಕವಾದ್ಯ ಜೋಡಿಸುವುದು ಒಂದು. ಹಳ್ಳಿಯ ಧಾಟಿಯಂತೆಯೇ ತಾನೇ ಒಂದು ಹೊಸದನ್ನು ಕಟ್ಟುವುದು ಎರಡು. ಯಾವ ಧಾಟಿಯನ್ನೂ ಎತ್ತಿಕೊಳ್ಳದೆ, ಅನುಕರಿಸದೆ, ಅದರ ಜೀವದ್ರವ್ಯವನ್ನೇ ತಾಯ್ನುಡಿಯಂತೆ ಆಡುವುದು ಮೂರು. ಇವು ಮೇಲುಕೀಳಿನ ಮೆಟ್ಟಿಲುಗಳಾಗಬೇಕಿಲ್ಲ. ಮೊದಲ ಬಗೆಯೂ ಚೆನ್ನಾಗಿರಬಹುದು, ಮೂರನೆಯದೂ ಕೆಡಬಹುದು. ಆದರೆ ಕೇಳುಗನಿಗೆ ಈ ವಿಂಗಡಣೆ ಒಂದು ಉಪಕಾರ ಮಾಡುತ್ತದೆ. ಬೆರೆತಿದೆಯೇ ಎಂದು ಕೇಳಿ ಸುಮ್ಮನಾಗುವ ಬದಲು ಎಷ್ಟು ಆಳಕ್ಕೆ ಇಳಿದಿದೆ ಎಂದು ಕೇಳುವಂತೆ ಮಾಡುತ್ತದೆ.

ಈ ಅಳತೆಗೋಲನ್ನು ಬೆಳಗಾವಿ ಸೀಮೆಯವರೇ ಆದ ಗಾಯಕ ಕುಮಾರ ಗಂಧರ್ವರ (1924–1992) ಮೇಲೆ ಇಟ್ಟು ನೋಡಬೇಕು. ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಮೊದಲು ಹೆಸರು ಮಾಡಿದ್ದು ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಹಾಗೆಯೇ ಒಪ್ಪಿಸುವ ಬಾಲಪ್ರತಿಭೆಯಾಗಿ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತ ಮೇಲೆ ಕ್ಷಯ ಅಂಟಿತು. 1948ರಲ್ಲಿ ಮಾಳವಾದ ದೇವಾಸಕ್ಕೆ ಬಂದು ಹಾಸಿಗೆ ಹಿಡಿದರು. ಹಾಡಬಾರದು ಎಂದು ವೈದ್ಯರ ಕಟ್ಟಪ್ಪಣೆ. ಹಾಡುವ ಬಾಯಿ ಮುಚ್ಚಿದ ಆ ವರ್ಷಗಳಲ್ಲಿ ಕಿವಿ ತೆರೆದುಕೊಂಡಿತು. ಮಾಳವಾದ ಹೆಂಗಸರ ಹಾಡು, ಬೀದಿಯ ಜೋಗಿಗಳ ನಿರ್ಗುಣ ಭಜನೆ ಒಳಗಿಳಿದವು. ಹೊಸ ಔಷಧದಿಂದ ಗುಣವಾಗಿ 1953ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಅವರ ಹಾಡಿಕೆ ಹಿಂದಿನದಾಗಿರಲಿಲ್ಲ. ಮಾಳವಾದ ಲೋಕಗೀತೆಗಳನ್ನೇ ಒಂದು ಪೂರ್ಣ ಕಾರ್ಯಕ್ರಮವಾಗಿ ಹಾಡಿದ್ದು ಬಾರ್ಟೋಕನ ಮೊದಲ ಬಗೆ. ಧಾಟಿಯ ಮೂರು ನಾಲ್ಕು ಸ್ವರಗಳ ಒಲವನ್ನು ಹಿಡಿದು ಸಂಜಾರಿ, ಮಾಲವತಿ, ಲಗನ್ ಗಾಂಧಾರದಂಥ ‘ಧುನ್ ಉಗಮ’ ರಾಗಗಳನ್ನು ಬೆಳೆಸಿ 1965ರಲ್ಲಿ ‘ಅನೂಪರಾಗವಿಲಾಸ’ದಲ್ಲಿ ಪ್ರಕಟಿಸಿದ್ದು ಅದಕ್ಕಿಂತ ಆಳದ್ದು. ಎಲ್ಲಕ್ಕಿಂತ ಆಳದ್ದು ಹೆಸರಿಲ್ಲದ್ದು: ಹಳೆಯ, ಎಲ್ಲರೂ ಹಾಡುವ ರಾಗವನ್ನೇ ಅವರು ಹಾಡುವಾಗ ಸ್ವರವನ್ನು ಕಲ್ಲೆಸೆದಂತೆ ಮೇಲಕ್ಕೆ ಎಸೆದು, ಅದು ಬೀಳುವವರೆಗೆ ಸುಮ್ಮನಿರುವ ರೀತಿ. ಇದಕ್ಕೆ ಕಾರಣ ಅವರ ಹಾಳಾದ ಶ್ವಾಸಕೋಶ, ಕಲೆಯೇನೂ ಅಲ್ಲ ಎನ್ನುವವರಿದ್ದಾರೆ. ಉಸಿರಿನ ಕೊರತೆ ಪಲುಕು ಏಕೆ ಚಿಕ್ಕದಾಯಿತು ಎಂಬುದನ್ನು ವಿವರಿಸೀತು. ಆ ಚಿಕ್ಕ ಪಲುಕು ಅಷ್ಟು ತೆರೆದ ಗಂಟಲಿನಿಂದ, ಬಯಲಲ್ಲಿ ನಿಂತು ದೂರದವರನ್ನು ಕೂಗಿದಂತೆ ಏಕೆ ಹೊರಡುತ್ತದೆ ಎಂಬುದನ್ನು ವಿವರಿಸದು. ಅದರ ಗುರುಗಳು ಏಕತಾರಿ ಹಿಡಿದ ಜೋಗಿಗಳು. ಅವರಿಂದ ಕುಮಾರರು ಹಾಡುಗಳ ಜೊತೆಗೆ ಮೌನವನ್ನೂ ಕಲಿತರು.

ಜಾಝಿನ ವಿಷಯ ದೂರದ್ದೆಂದು ತೋರಬಹುದು; ಆದರೆ ಪ್ರಶ್ನೆ ಇದೇ. ಜಾಝ್ ಕೂಡ ಕರಿಯ ಅಮೆರಿಕನ್ನರ ಕೂಲಿ ಹಾಡು, ಚರ್ಚಿನ ಹಾಡು, ಬ್ಲೂಸ್‌ಗಳ ಋಣದಲ್ಲಿ ಹುಟ್ಟಿದ್ದು. ಅದನ್ನು ಫ್ರಾನ್ಸಿನ ಸಂಗೀತಕಾರ ರವೇಲ್ 1932ರ ತನ್ನ ಪಿಯಾನೊ ಕಂಚೆರ್ಟೊಗೆ ಕರೆದುಕೊಂಡಾಗ ಯುರೋಪಿನ ಪಂಡಿತರು ಎದುರಿಸಿದ್ದೂ ನಮ್ಮದೇ ಗೊಂದಲವನ್ನು. ಇನ್ನೊಂದು ಹೋಲಿಕೆ ಸೋಜಿಗದ್ದು: ಬೆಳಗಾವಿ ಸೀಮೆಯ ಹುಡುಗನೊಬ್ಬ ತಟ್ಟೆ ಕೇಳಿ ಖಾನರ ತಾನು ಒಪ್ಪಿಸುತ್ತಿದ್ದ 1930ರ ದಶಕದಲ್ಲೇ ಕಾನ್ಸಾಸ್ ಸಿಟಿಯ ಚಾರ್ಲಿ ಪಾರ್ಕರ್ ಎಂಬ ಹದಿಹರೆಯದವನು ಲೆಸ್ಟರ್ ಯಂಗನ ಸ್ಯಾಕ್ಸೊಫೋನ್ ನುಡಿಕೆಯನ್ನು ತಟ್ಟೆಯಿಂದಲೇ ಬಾಯಿಪಾಠ ಮಾಡುತ್ತಿದ್ದ. ಇಬ್ಬರೂ ಮುಂದೆ ತಮ್ಮ ಸಂಗೀತದ ದಾರಿಯನ್ನೇ ತಿರುಗಿಸಿದರು. ಕರ್ನಾಟಕಕ್ಕೆ ಬಂದರೆ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಅಮೆರಿಕದ ಚಾರ್ಲಿ ಮಾರಿಯಾನೊ 1983ರಲ್ಲಿ ಮುದ್ರಿಸಿದ ‘ಜ್ಯೋತಿ’ಯನ್ನು ಕೇಳಬೇಕು. ಆತ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತವನು. ಆರ್.ಎ. ರಮಾಮಣಿಯವರ ದನಿಯ ಪಕ್ಕದಲ್ಲಿ ಆತನ ಸ್ಯಾಕ್ಸೊಫೋನ್ ಜಾಗ ಬಿಟ್ಟು, ಕಾದು, ತಾಳದ ಒಳಗೆ ಬರುವ ರೀತಿಯಲ್ಲಿ ಆ ಕಲಿಕೆ ಕೇಳಿಸುತ್ತದೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನಿಗೆ ಮರುಳಾಗಿ, ಗಮಕ ಹೊರಡುವಂತೆ ಅದನ್ನು ತಿದ್ದಿಕೊಂಡು, ಕರ್ನಾಟಕ ಸಂಗೀತವನ್ನು ನುಡಿಸಿದರು. 2008ರ ‘ಕಿನ್ಸ್‌ಮೆನ್’ ಮುದ್ರಿಕೆಯಲ್ಲಿ ಕರ್ನಾಟಕ ಮೂಲದ ತಂದೆತಾಯಿಗಳ ಮಗ, ಜಾಝ್ ವಾದಕ ರುದ್ರೇಶ್ ಮಹಾಂತಪ್ಪನ ಎದುರು ಕೂತರು. ಒಂದೇ ವಾದ್ಯ, ಎರಡು ನಾಲಿಗೆ. ಇಬ್ಬರೂ ತಮ್ಮ ನುಡಿ ಬಿಡಲಿಲ್ಲ, ಆದರೆ ಎದುರಿನವನ ಮಾತು ಕೇಳಿ ಉತ್ತರ ಕೊಟ್ಟರು. ಜಾಝ್ ಮತ್ತು ರಾಗಸಂಗೀತ ಎರಡಕ್ಕೂ ಸ್ಥಳದಲ್ಲೇ ಹೊಳೆಯುವ ಮನೋಧರ್ಮ ಸಮಾನ ಬಂಡವಾಳವಾದ್ದರಿಂದ, ಈ ಕೂಟ ಗೆಲ್ಲುವುದೂ ಸೋಲುವುದೂ ಕೇಳಿಸಿಕೊಳ್ಳುವಿಕೆಯ ಮೇಲೆ ನಿಂತಿದೆ.

ಇದಕ್ಕೆ ಮೊದಲ ಆಕ್ಷೇಪ ರಾಗದ ಶಿಸ್ತನ್ನು ಕಾಯುವವರದು. ರಾಗವೆಂಬುದು ನೂರಾರು ವರ್ಷ ಸೋಸಿ ಸೋಸಿ ಉಳಿದ ಸತ್ವ. ಅದಕ್ಕೆ ಮತ್ತೆ ಮಣ್ಣು ಬೆರೆಸುವುದೇಕೆ ಎನ್ನುತ್ತಾರೆ. ಈ ಮಾತಿನಲ್ಲಿ ತೂಕವಿದೆ. ಡೊಳ್ಳಿನ ನಾಲ್ಕು ಪೆಟ್ಟನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅದನ್ನೇ ಸುತ್ತಿ ಸುತ್ತಿ ಕೇಳಿಸುತ್ತ ಮೇಲೆ ಒಂದು ಆಲಾಪ ಹರಿಯಬಿಟ್ಟ ಎಷ್ಟೋ ಮುದ್ರಿಕೆಗಳು ಇಂದು ಫೋನಿನಲ್ಲಿ ಸಿಗುತ್ತವೆ. ಅಲ್ಲಿ ರಾಗಕ್ಕೂ ನ್ಯಾಯವಿಲ್ಲ, ಡೊಳ್ಳಿಗೂ ಇಲ್ಲ. ಜಾತ್ರೆಯಲ್ಲಿ ಡೊಳ್ಳು ಬಾರಿಸುವವನ ಲಯ ಅವನ ಕುಣಿತದೊಂದಿಗೆ, ಹಾಡಿನ ಏರಿಳಿತದೊಂದಿಗೆ ಬಿಗಿಯುತ್ತ ಸಡಿಲಾಗುತ್ತ ಉಸಿರಾಡುತ್ತದೆ. ಯಂತ್ರ ಆ ಉಸಿರನ್ನೇ ನಿಲ್ಲಿಸಿರುತ್ತದೆ. ಜೋಗತಿಯರು ಹಿಡಿಯುವ ಚೌಡಿಕೆಯ ಕಥೆಯೂ ಅದೇ. ಅದಕ್ಕಿರುವುದು ಒಂದೇ ತಂತಿ. ಬಿಗುವನ್ನು ಕೈಯಿಂದಲೇ ಏರಿಸಿ ಇಳಿಸುತ್ತ ಮೀಟಿದಾಗ ಸ್ವರ ಒಂದು ಕಡೆ ನಿಲ್ಲದೆ ಅಳುವಂತೆ, ಕೊಂಕಿ ನಗುವಂತೆ ಜಾರುತ್ತದೆ. ಕೀಬೋರ್ಡಿನ ಕಟ್ಟಿದ ಮನೆಗಳಿಗೆ ಆ ಧಾಟಿಯನ್ನು ಇಳಿಸಿದರೆ ಅಕ್ಷರ ಉಳಿದು ಉಚ್ಚಾರ ಹೋಗುತ್ತದೆ. ಹಾಗಾಗಿ ಶಿಸ್ತಿನವರ ಸಿಟ್ಟು ಸರಿ, ಅದು ಹಿಡಿದ ಗುರಿ ತಪ್ಪು. ಕೆಟ್ಟದ್ದು ಬೆರಕೆಯಿಂದಲ್ಲ, ಬೆರೆಸುವವರು ಎರಡು ಕಡೆಯ ಶಿಸ್ತಿನಲ್ಲಿ ಒಂದಕ್ಕೂ ತಲೆಬಾಗದ್ದರಿಂದ. ಧಾಟಿಗೂ ವ್ಯಾಕರಣವಿದೆ ಎಂದು ಒಪ್ಪಿದ ದಿನ ರಾಗದ ವ್ಯಾಕರಣಕ್ಕೆ ಅದರಿಂದ ಭಯವಿರುವುದಿಲ್ಲ. ಕುಮಾರರ ಧುನ್ ಉಗಮ ರಾಗಗಳಿಗೆ ಚಲನವಿದೆ, ಬಂದಿಶುಗಳಿವೆ. ಅವು ಸಡಿಲಿಸಿದ ರಾಗಗಳಲ್ಲ, ಹೊಸದಾಗಿ ಬಿಗಿದವು.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ, ಮೊದಲನೆಯದಕ್ಕಿಂತ ಕಠಿಣವಾದದ್ದು. ಧಾಟಿ ಹಾಡಿದವರು ಯಾರು, ತಟ್ಟೆಯ ಮೇಲೆ ಹೆಸರು ಬಂದದ್ದು ಯಾರದು? ದೇವಾಸದ ಹೆಂಗಸರ ಹೆಸರು ನಮಗೆ ಗೊತ್ತಿಲ್ಲ. ಕುಮಾರರ ಹೆಸರು ಗೊತ್ತು. ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಅಥಣಿ ತಾಲೂಕಿನ ಕೋಕಟನೂರ ಯಲ್ಲಮ್ಮನ ಜಾತ್ರೆಯಂಥ ಕಡೆ ಚೌಡಿಕೆ ಹಿಡಿದು ಹಾಡುತ್ತ ಬಂದ ಜೋಗತಿಯರ ಹಿಂದೆ, 1982ರ ಕಾಯ್ದೆ ನಿಷೇಧಿಸಬೇಕಾಗಿ ಬಂದಂಥ ಮುತ್ತು ಕಟ್ಟುವ ಪದ್ಧತಿಯ ನೋವಿದೆ. ಅವರ ಹಾಡಿನ ಚೆಲುವನ್ನಷ್ಟೇ ಎತ್ತಿಕೊಂಡು ಹವಾನಿಯಂತ್ರಿತ ಸ್ಟುಡಿಯೊದಲ್ಲಿ ಮೆರೆಸಿದರೆ ಅದು ಋಣವಲ್ಲ, ಕಳವು ಎಂಬ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಇದರಿಂದ ಯಾರೂ ಯಾರ ಧಾಟಿಯನ್ನೂ ಮುಟ್ಟಬಾರದು ಎಂಬ ತೀರ್ಮಾನಕ್ಕೆ ಬಂದರೆ, ಧಾಟಿಯನ್ನು ಜಾತಿಯ ಬೇಲಿಯೊಳಗೆ ಇನ್ನೊಮ್ಮೆ ಕೂಡಿಹಾಕಿದಂತಾಗುತ್ತದೆ. ಶಾಸ್ತ್ರೀಯವೆಂದು ನಾವು ಕೈಮುಗಿಯುವ ಸಂಗೀತವನ್ನೂ ಒಂದು ಕಾಲಕ್ಕೆ ಉಳಿಸಿದವರು ಸಮಾಜ ಬದಿಗಿಟ್ಟ ಹೆಂಗಸರೇ. ಗಂಗೂಬಾಯಿ ಹಾನಗಲ್ಲರ ಹಾದಿ ಎಷ್ಟು ಅವಮಾನಗಳ ನಡುವೆ ಸಾಗಿತು ಎಂಬುದು ಎಲ್ಲರೂ ಬಲ್ಲ ಸಂಗತಿ. ಅವರಿಗೆ ಗೌರವ ತಂದುಕೊಟ್ಟದ್ದರಲ್ಲಿ ಹೆಸರು ಹೊತ್ತ ತಟ್ಟೆಗಳ ಪಾಲೂ ಇದೆ. ಅಂದರೆ ಪರಿಹಾರ ಇರುವುದು ಬೇಲಿಯಲ್ಲಲ್ಲ. ಹೆಸರಿನಲ್ಲಿ, ಹಣದಲ್ಲಿ, ವೇದಿಕೆಯ ಪಾಲಿನಲ್ಲಿ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಆ ದಿಕ್ಕಿನ ಒಂದು ಹೆಜ್ಜೆ.

ಮೂರನೆಯ ಆಕ್ಷೇಪ ಮುದ್ರಣದ ಮೇಲೆಯೇ. ಜಾತ್ರೆಯ ಹಾಡು, ಬೈಠಕ್ಕಿನ ರಾಗ, ಜಾಝ್ ಮೂರೂ ಆಯಾ ಹೊತ್ತಿನವು. ನಿನ್ನೆ ಹಾಡಿದಂತೆ ಇಂದು ಹಾಡದಿರುವುದೇ ಅವುಗಳ ಪ್ರಾಣ. ಅಂಥದ್ದನ್ನು ತಟ್ಟೆಯಲ್ಲಿ ಹಿಡಿದಿಟ್ಟು ನೂರು ಸಲ ಅದನ್ನೇ ಕೇಳುವುದು ಒಣಗಿದ ಹೂವು ಮೂಸಿದಂತಲ್ಲವೇ? ಮೂರು ನಿಮಿಷದ ಝಿಂಝೋಟಿಯಿಂದ ಅಬ್ದುಲ್ ಕರೀಂ ಖಾನರ ರಾತ್ರಿಯಿಡೀ ಬೈಠಕ್ಕನ್ನು ಊಹಿಸಲಾಗದು, ನಿಜ. ಆದರೆ ಮುದ್ರಿಕೆ ಕೊಡುವ ಒಂದು ಸೌಲಭ್ಯವನ್ನು ಬೈಠಕ್ಕು ಕೊಡಲಾರದು: ಹಿಂದಕ್ಕೆ ಹೋಗಿ ಕೇಳುವ ಅವಕಾಶ. ಈ ತಿರುವು ಎಲ್ಲಿಂದ ಬಂತು, ಈ ನಿಲುಗಡೆ ರಾಗದ್ದೋ ಧಾಟಿಯದ್ದೋ ಎಂದು ತೂಗಿ ನೋಡಲು ಒಂದೇ ಕ್ಷಣ ಎರಡು ಸಲ ಬೇಕು. ಸಾಲದ ಆಳ ಅಳೆಯುವ ಕೆಲಸ ಮುದ್ರಿಕೆಯಿಲ್ಲದೆ ಬಹುಮಟ್ಟಿಗೆ ಅಂದಾಜಾಗಿಯೇ ಉಳಿಯುತ್ತಿತ್ತು. ಶಿವಪುತ್ರನಿಗೂ ಪಾರ್ಕರನಿಗೂ ತಟ್ಟೆ ಒಣಗಿದ ಹೂವಾಗಿರಲಿಲ್ಲ, ಬೀಜವಾಗಿತ್ತು. ಬೀಜವೂ ಒಣಗಿಯೇ ಇರುತ್ತದೆ.

ಹಾಗಾದರೆ ಕೇಳುವ ಸಂತೋಷಕ್ಕೆ ಇಷ್ಟೊಂದು ವಿಚಾರಣೆ ಬೇಕೇ, ಹಿಡಿಸಿದರೆ ಸಾಲದೇ ಎಂಬ ಮಾತು ಉಳಿಯುತ್ತದೆ. ಹಿಡಿಸುವುದು ಆರಂಭ, ಅದಿಲ್ಲದೆ ಯಾವ ವಿಚಾರಣೆಯೂ ಬೇಡ. ಆದರೆ ಯಾಕೆ ಹಿಡಿಸಿತು ಎಂದು ಕೇಳಿಕೊಂಡ ಕಿವಿ ಎರಡನೆಯ ಸಲ ಹೆಚ್ಚು ಪಡೆಯುತ್ತದೆ. ಈ ಕೆಲಸಕ್ಕೆ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕೇಳುಗನಿಗಿರುವ ಅನುಕೂಲ ಮಹಾನಗರದವನಿಗಿಲ್ಲ. ಅವನ ಊರ ಭಜನಾ ಮೇಳದಲ್ಲಿ ಪೇಟಿ, ತಾಳ, ದಮ್ಮಡಿಗಳ ನಡುವೆ ಕನ್ನಡ ತತ್ವಪದದ ಬೆನ್ನಿಗೆ ಮರಾಠಿ ಅಭಂಗ ಬರುತ್ತದೆ. ಗಡಿಯಾಚೆಯ ಮಿರಜದಲ್ಲಿ, ಹಿಂದೆ ಆಯುಧ ಸಾಣೆ ಹಿಡಿಯುತ್ತಿದ್ದ ಮನೆತನಗಳವರು ಇಂದಿಗೂ ಸೋರೆ ಬುರುಡೆಯನ್ನು ತಂಬೂರಿಯಾಗಿಸುತ್ತಾರೆ. ಆ ತಂಬೂರಿ, ಸಿತಾರಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮೂಲವೂ ಮುದ್ರಿಕೆಯೂ ಕೈಯಳತೆಯಲ್ಲಿರುವ ಈ ಕೇಳುಗ ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ಕೇಳಬಲ್ಲ, ಸಾಲ ತೀರಿದೆಯೇ ಎಂದು ಸಾಕ್ಷಿ ನುಡಿಯಬಲ್ಲ. ತಂಬೂರಿಗೆ ಅದು ಹುಟ್ಟಿದ ಊರಿನ ಹೆಸರಿನ ಹಕ್ಕು ಸಿಗಬಹುದಾದರೆ ಧಾಟಿಗೇಕೆ ಸಿಗಬಾರದು? 1902ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮೊದಮೊದಲ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುವುದು ದೂರದ ಜರ್ಮನಿಯಲ್ಲಿ, ಯಾರ ದನಿ ಎಂದು ಅಲ್ಲಿನವರಿಗೆ ತಿಳಿಯಲಿ ಎಂದು. ಹಳ್ಳಿಯ ಧಾಟಿ ಹೊತ್ತ ಇನ್ನು ಮುಂದಿನ ಮುದ್ರಿಕೆಗಳಲ್ಲೂ ಹಾಡು ಮುಗಿದ ಮೇಲೆ ಅಷ್ಟು ಜಾಗ ಉಳಿಸಿಡಬೇಕು: ಈ ಧಾಟಿ ಇಂಥ ಊರಿನದು, ಇಂಥವರ ಬಾಯಿಂದ ಕಲಿತದ್ದು ಎಂದು ಹೇಳುವುದಕ್ಕೆ.